ಕಿಲ್ಬರ್ನ್‌ನಲ್ಲಿ ಮುಕ್ಕಾಲು ಪಾಲು ಕೈ ಏಳಬೇಕಿದ್ದ ವರ್ಷ

ಹೋದ ತಿಂಗಳು ಥಾರ್ನ್ಲಿಯಲ್ಲಿ, ನಮ್ಮ ಹೊಸ ಕನ್ನಡ ಗುಂಪಿನವರು ಬಾಡಿಗೆಗೆ ಹಿಡಿದಿರುವ ಹಾಲ್‌ಗೆ ಕಾಲಿಟ್ಟ ಕೂಡಲೇ ನೆಲಕ್ಕೆ ಬಳಿದ ಹಸಿ ವಾರ್ನಿಷ್‌ನ ವಾಸನೆ ಮೂಗಿಗೆ ಬಡಿಯಿತು. ಕಿಟಕಿಗಳೆಲ್ಲ ತೆರೆದಿದ್ದವು. ಪರ್ತ್‌ನ ಸಮುದ್ರದ ಗಾಳಿ ಮಧ್ಯಾಹ್ನವೇ ಒಂದು ಸುತ್ತು ಬಂದು ಹೋಗಿತ್ತು. ಆದರೂ ವಾಸನೆ ಹಾಗೇ ಇತ್ತು. ಒಳಗೆ ನಾಲ್ಕೈದು ಜನ ಕೂತು ಗುಂಪಿನ ನಿಯಮಾವಳಿ ಬರೆಯುತ್ತಿದ್ದರು. ವಯಸ್ಸಾದವಳು, ಡಾಕ್ಟರು, ಹಿಂದೆ ಅಡಿಲೇಡಿನಲ್ಲಿ ಇಂಥದ್ದೆಲ್ಲ ನೋಡಿದವಳು ಎಂದು ನನ್ನನ್ನೂ ಕರೆದಿದ್ದರು. ಸಾಫ್ಟ್‌ವೇರ್ ಕೆಲಸದ ಒಬ್ಬಾಕೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, "ರೀಟಾ ಆಂಟಿ, ಕಾನ್‌ಸ್ಟಿಟ್ಯೂಷನ್ ಚೇಂಜ್ ಮಾಡೋಕೆ ಅರ್ಧಕ್ಕಿಂತ ಜಾಸ್ತಿ ಓಟು ಸಾಕಾ, ಇಲ್ಲ ಮುಕ್ಕಾಲು ಅಂತ ಇಡೋಣ್ವಾ?" ಎಂದು ಕೇಳಿದಳು.

ನನ್ನ ಬಾಯಿ ಸಾಮಾನ್ಯವಾಗಿ ಸುಮ್ಮನಿರುವುದಲ್ಲ. ಅಂದು ಮಾತ್ರ ಒಂದು ನಿಮಿಷ ಎಂದು ಹೇಳಿ ಹೊರಗೆ ಬಂದು ಕಾರ್ ಪಾರ್ಕಿನಲ್ಲಿ ನಿಂತೆ. ಇಷ್ಟು ವರ್ಷಗಳ ಮೇಲೂ ಆ ಪ್ರಶ್ನೆ ಕೇಳಿದರೆ ನಾನು ಎದ್ದು ಹೊರಗೆ ಬರುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ.

ಅಡಿಲೇಡಿನ ಕಿಲ್ಬರ್ನ್‌ನಲ್ಲಿ ನಮಗೊಂದು ಹಾಲ್ ಇತ್ತು. ಸುತ್ತ ಲಾರಿ ರಿಪೇರಿ ಶೆಡ್ಡುಗಳು, ಹಳೆಯ ಇಟ್ಟಿಗೆ ಮನೆಗಳು, ಹಿಂದುಗಡೆ ರೈಲಿನ ಸದ್ದು. ತಗಡಿನ ಮಾಡಿನ ಹಾಲ್ ಅದು, ಯಾವುದೋ ಕಾಲದ ಕ್ಲಬ್ಬಿನವರದ್ದು. ಆ ಕ್ಲಬ್ಬಿನಲ್ಲಿ ಉಳಿದಿದ್ದ ನಾಲ್ಕು ಮುದುಕರು ನಮಗೆ ಅದನ್ನು ದೀರ್ಘ ಗುತ್ತಿಗೆಗೆ ಕೊಟ್ಟಿದ್ದರು. ಊರಿನ ಬೇರೆ ಭಾಷೆಯವರ ದೊಡ್ಡ ದೊಡ್ಡ ಸಂಘಗಳೇ ಶಾಲೆಯ ಕೋಣೆಗಳಲ್ಲಿ ಹಬ್ಬ ಮಾಡುತ್ತಿದ್ದಾಗ ನಲವತ್ತು ಚಿಲ್ಲರೆ ಕುಟುಂಬಗಳ ನಮಗೆ ಸ್ವಂತದ್ದು ಎನ್ನಬಹುದಾದ ಜಾಗವಿತ್ತು. ಅದಕ್ಕೆ ಕಾರಣ ಒಬ್ಬರೇ, ನಾಗಭೂಷಣ್ ಅಂಕಲ್.

ಮೈಸೂರಿನ ಸರಸ್ವತಿಪುರಂ ಕಡೆಯವರು. ಸೇತುವೆ ಕಟ್ಟುವ ಇಂಜಿನಿಯರ್. ನಾನು ಮೈಸೂರಿನ ಕ್ರಿಶ್ಚಿಯನ್ ಮನೆಯ ಹುಡುಗಿ ಎಂದು ತಿಳಿದ ದಿನವೇ ನಮ್ಮ ಬೀದಿ ಯಾವುದು, ಅದರ ಮೂಲೆಯ ಬೇಕರಿಯವನ ಹೆಸರೇನು ಎಂದು ವಿಚಾರಿಸಿ ನನ್ನನ್ನು ತಮ್ಮ ಕಡೆಯವಳನ್ನಾಗಿ ಮಾಡಿಕೊಂಡಿದ್ದರು. ಶನಿವಾರ ಬಂತೆಂದರೆ ಅವರು ಹಾಲ್‌ನಲ್ಲೇ. ಕಿತ್ತುಹೋದ ನೆಲದ ಹಲಗೆಗಳನ್ನು ತಾವೇ ಬದಲಿಸಿದರು, ಉಜ್ಜಿದರು, ವಾರ್ನಿಷ್ ಬಳಿದರು. ನಮ್ಮಂಥವರು ಸಹಾಯಕ್ಕೆ ಹೋದರೆ ಬ್ರಷ್ ಹಿಡಿಯುವುದನ್ನೇ ಅರ್ಧ ಗಂಟೆ ಪಾಠ ಮಾಡಿ, ಕೊನೆಗೆ ತಾವೇ ಕಿತ್ತುಕೊಳ್ಳುತ್ತಿದ್ದರು. ಭಾನುವಾರ ಮಕ್ಕಳ ಕನ್ನಡ ತರಗತಿ, ಅದೂ ಅವರದ್ದೇ. ಅವರ ಹೆಂಡತಿ ವಿಶಾಲು ಆಂಟಿ ಯಾವುದೋ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಿದ್ದರು. ಹಬ್ಬಗಳಿಗೆ ಬರುವರು, ಬಡಿಸುವರು, ಹೋಗುವರು. ಒಬ್ಬನೇ ಮಗ ಅನಿರುದ್ಧ ಬ್ರಿಸ್ಬೇನಿನ ಸನ್ನಿಬ್ಯಾಂಕ್‌ನಲ್ಲಿ ಸಂಸಾರ ಹೂಡಿದ್ದ. ಆಂಟಿ ಈಗ ಅಲ್ಲೇ ಇದ್ದಾರೆ.

ನಮ್ಮ ಕೂಟ ಎಲ್ಲೂ ನೋಂದಣಿಯಾಗಿರಲಿಲ್ಲ. ಗುತ್ತಿಗೆ ಅಂಕಲ್ ಮತ್ತು ಇನ್ನಿಬ್ಬರ ಹೆಸರಿನಲ್ಲಿತ್ತು, ಅಷ್ಟೇ. ಆದರೂ ಅಂಕಲ್ ನಮಗೊಂದು ಸಂವಿಧಾನ ಬರೆದಿದ್ದರು. ಅದನ್ನು ಸಂವಿಧಾನ ಎಂದೇ ಕರೆಯಬೇಕು, ರೂಲ್ಸ್ ಅಂದರೆ ಅವರಿಗೆ ಸಿಟ್ಟು. ಒಂದು ಕುಟುಂಬಕ್ಕೆ ಒಂದು ಮತ. ಸಂವಿಧಾನ ತಿದ್ದಲು ಸಭೆಗೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಕೈ ಏಳಬೇಕು. ಹಾಗೆ ಹಲವು ವರ್ಷ ನಡೆಯಿತು. ನಾನು ಹೇಳುತ್ತಿರುವ ವರ್ಷದ ಹಿಂದಿನ ಡಿಸೆಂಬರ್‌ನಲ್ಲಿ, ಹೊಸದಾಗಿ ಬಂದ ಕೆಲವರು ಈ ತಗಡಿನ ಹಾಲ್ ಯಾಕೆ, ಬಿಟ್ಟುಬಿಡೋಣ, ಒಳ್ಳೆಯ ಕಡೆ ಶಾಲೆ ಬಾಡಿಗೆಗೆ ತೆಗೆದುಕೊಳ್ಳೋಣ ಎಂದು ಒಂದು ತಿದ್ದುಪಡಿ ತಂದರು. ಮಾತಾಡಿದವರೆಲ್ಲ ನಯವಾಗಿಯೇ ಮಾತಾಡಿದರು. ಕೈ ಎಣಿಸಿದಾಗ ಎರಡೇ ಎರಡು ಕೈಗಳಲ್ಲಿ ಹಾಲ್ ಉಳಿಯಿತು.

ಅಂಕಲ್ ಮುಖ ಅವತ್ತು ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಇನ್ನು ಮೂರು ಮನೆಯವರು ಅಂದು ಬಾರ್ಬೆಕ್ಯೂಗೆಂದು ಬೀಚಿಗೆ ಹೋಗದೆ ಇಲ್ಲಿಗೆ ಬಂದಿದ್ದರೆ ಕಥೆ ಮುಗಿದಿತ್ತು ಎಂದು ಎಷ್ಟೋ ವಾರ ಹೇಳುತ್ತಿದ್ದರು. ಈ ದೇಶದ ಸಂವಿಧಾನ ತಿದ್ದಬೇಕಾದರೆ ದೇಶದ ಬಹುಮತ ಸಾಲದು, ಹೆಚ್ಚಿನ ರಾಜ್ಯಗಳಲ್ಲೂ ಬಹುಮತ ಬೇಕು ಎನ್ನುವುದು ಅವರಿಗೆ ಬಲು ಇಷ್ಟದ ವಿಷಯ. ಪೌರತ್ವದ ಪರೀಕ್ಷೆಗೆ ಓದುವಾಗಲೇ ಅದಕ್ಕೆ ಮನಸೋತಿದ್ದರಂತೆ. ನಮ್ಮ ಕೂಟಕ್ಕೂ ಅಂಥದ್ದೊಂದು ಬೀಗ ಬೇಕು ಎಂದು ಹಟ ಹಿಡಿದರು.

"ಇದು ಫೌಂಡೇಶನ್ ಕಣಮ್ಮ ರೀಟಾ," ಎಂದರು ನನಗೆ. "ಗೋಡೆಗೆ ಬಣ್ಣ ಬದಲಾಯಿಸೋಕೆ ಅರ್ಧ ಜನ ಸಾಕು. ಫೌಂಡೇಶನ್ ಅಗೆಯೋಕೆ ಅರ್ಧ ಜನ ಸಾಕಾ?"

ಹೀಗೆ ಮುಕ್ಕಾಲು ಪಾಲಿನ ಪ್ರಸ್ತಾಪ ಹುಟ್ಟಿತು. ಫೆಬ್ರುವರಿಯ ಸಭೆಗೆ ಅದೇ ಮುಖ್ಯ ವಿಷಯ.

ಅದರ ಜೊತೆ ಇನ್ನೊಂದು ವಿಷಯವೂ ಸೇರಿಕೊಂಡಿತು. ಜನವರಿಯಲ್ಲಿ ನಮ್ಮವರೊಬ್ಬರ ತಾಯಿ ಊರಿನಲ್ಲಿ ತೀರಿಕೊಂಡಿದ್ದರು. ಟಿಕೆಟ್ ಸಿಗದೆ ಹೋಗಲಾಗಲಿಲ್ಲ. ಶುಕ್ರವಾರ ಸಂಜೆ ಹಾಲ್‌ನಲ್ಲಿ ಫೋಟೋ ಇಟ್ಟು, ಹಾರ ಹಾಕಿ, ನಾಲ್ಕು ಭಜನೆ ಹೇಳಿ ಎಲ್ಲರೂ ಕಣ್ಣೊರೆಸಿಕೊಂಡೆವು. ಎರಡು ದಿನ ಬಿಟ್ಟು ಅದೇ ಹಾಲ್‌ನಲ್ಲಿ ಒಂದು ಮಗುವಿನ ನಾಮಕರಣ. ಊರಿನಿಂದ ಬಂದಿದ್ದ ಮಗುವಿನ ಅಜ್ಜಿಗೆ ಈ ಸುದ್ದಿ ಹೇಗೋ ತಿಳಿದು, ಮೆಟ್ಟಿಲ ಹತ್ತಿರವೇ ನಿಂತುಬಿಟ್ಟರು. ಗಂಜಲ ತರುವುದೆಲ್ಲಿಂದ? ಕೊನೆಗೆ ಅರಿಶಿನದ ನೀರು ಚಿಮುಕಿಸಿ ಒಳಗೆ ಕರೆದೊಯ್ದರು. ಆ ಗಲಾಟೆಯ ಮೇಲೆ ಪ್ರಕಾಶ್ ಒಂದು ಪ್ರಸ್ತಾಪ ತಂದ. ಸಾವಿಗೆ ಸಂಬಂಧಿಸಿದ ಯಾವ ಕಾರ್ಯವನ್ನೂ ಹಾಲ್‌ನಲ್ಲಿ ನಡೆಸಕೂಡದು ಎಂದು ಸಂವಿಧಾನದಲ್ಲೇ ಸೇರಿಸಬೇಕು.

ಪ್ರಕಾಶ್ ಮಲ್ಲೇಶ್ವರದವನು, ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ದೊಡ್ಡ ಕೆಲಸ. ನಮ್ಮ ಕೂಟದ ಕಾರ್ಯದರ್ಶಿ. ಕೆಟ್ಟವನಲ್ಲ. ಎಲ್ಲರ ಮನೆಯ ಫ್ರಿಜ್ ಸಾಗಿಸಲು ಮೊದಲು ಬರುವವನು ಅವನೇ. ಆದರೆ ಪಂಚಾಂಗ ನೋಡದೆ ಪೆಟ್ರೋಲ್ ಸಹ ಹಾಕಿಸುವವನಲ್ಲ. ನನಗೆ ಅವನ ಪ್ರಸ್ತಾಪ ಕೇಳಿ ಮೈ ಉರಿಯಿತು. ನಮ್ಮಲ್ಲಿ ನಾಮಕರಣವಾದ ಚರ್ಚಿನಲ್ಲೇ ಮದುವೆಯಾಗಿ, ಕೊನೆಗೆ ಪೆಟ್ಟಿಗೆಯಲ್ಲಿ ಅದೇ ಚರ್ಚಿಗೆ ಬರುತ್ತೇವೆ. ಪರದೇಶದಲ್ಲಿ ಅಳಲಿಕ್ಕೂ ಒಂದು ಜಾಗ ಬೇಡವೇ ಎಂದು ಅವನ ಜೊತೆ ಫೋನಿನಲ್ಲೇ ಜಗಳವಾಡಿದೆ. ಅಂಕಲ್ ನನ್ನನ್ನು ಸಮಾಧಾನ ಮಾಡಿದರು. ಮೊದಲು ಮುಕ್ಕಾಲು ಪಾಲಿನ ನಿಯಮ ಪಾಸಾಗುತ್ತದೆ, ಆಮೇಲೆ ಪ್ರಕಾಶನ ಪ್ರಸ್ತಾಪ ಬರುತ್ತದೆ, ಅದಕ್ಕೆ ಮುಕ್ಕಾಲು ಪಾಲು ಎಲ್ಲಿ ಸಿಗುತ್ತದೆ, ತಾನಾಗಿಯೇ ಬೀಳುತ್ತದೆ ಎಂದರು. ಬೀಗ ಹೇಗೆ ಕೆಲಸ ಮಾಡುತ್ತದೆ ಎಂದು ನೀನೇ ನೋಡು ಎಂದು ನಕ್ಕರು.

ಸಭೆ ನಡೆದದ್ದು ಭಾನುವಾರ ಆರ್ವೋ, ಅಂದರೆ ಮಧ್ಯಾಹ್ನದ ಮೇಲೆ, ಬಿಸಿಲು ಕಿಚ್ಚಿನಂತಿದ್ದ ದಿನ. ತಗಡಿನ ಮಾಡು ಕಾದು ಒಳಗೆ ಇಡ್ಲಿ ಬೇಯಿಸಬಹುದಿತ್ತು. ಹೊಸ ವಾರ್ನಿಷ್ ಮೆತ್ತಗಾಗಿ ಕುರ್ಚಿಯ ಕಾಲುಗಳು ನೆಲಕ್ಕೆ ಅಂಟುತ್ತಿದ್ದವು. ನಾಲ್ಕು ಗಂಟೆಗೆ ಎಂದದ್ದು, ನಮ್ಮವರ ಸಮಯಕ್ಕೆ ಸರಿಯಾಗಿ ನಾಲ್ಕೂವರೆಗೆ ಶುರುವಾಯಿತು. ಅಂಕಲ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಪ್ರಕಾಶ್ ಅಡುಗೆಮನೆಯ ಗೋಡೆಗೆ ನೇತುಹಾಕಿದ್ದ ಬೆಂಗಳೂರಿನ ಕ್ಯಾಲೆಂಡರ್ ನೋಡಿ ಬಂದು, "ಅಂಕಲ್, ಈಗ ರಾಹುಕಾಲ. ನಾಲ್ಕೂವರೆಯಿಂದ ಆರು. ಇಷ್ಟು ಒಳ್ಳೆ ವಿಷಯಾನ ಈಗ ಯಾಕೆ ಎತ್ತೋಣ? ಸಾವಿನ ವಿಷಯ ಹೆಂಗಿದ್ರೂ ಅಶುಭದ್ದೇ, ಅದನ್ನ ರಾಹುಕಾಲದಲ್ಲೇ ಮುಗಿಸ್ಬಿಡೋಣ," ಎಂದ.

ಸಭೆಯಲ್ಲಿ ಒಂದು ನಗು ಹಬ್ಬಿತು. ನಾನೂ ನಕ್ಕೆ. ಅಷ್ಟು ಸಲೀಸಾದ ಮಾತು ಅದು. ಅಂಕಲ್‌ಗೆ ರಾಹುವಿನಲ್ಲಿ ನಂಬಿಕೆ ಇರಲಿಲ್ಲ, ಆದರೆ ನಂಬುವವರ ಮನಸ್ಸು ನೋಯಿಸುವ ಸ್ವಭಾವವೂ ಇರಲಿಲ್ಲ. ಯಾವುದು ಮೊದಲಾದರೇನು, ಎರಡೂ ಇವತ್ತೇ ಆಗಬೇಕಲ್ಲ ಎಂದು ಕೂತುಬಿಟ್ಟರು. ಪ್ರಕಾಶ್ ತನ್ನ ಪ್ರಸ್ತಾಪ ಓದಿದ. ನಾನು ಎದ್ದು ವಿರೋಧಿಸಿ ಮಾತಾಡಿದೆ, ಸ್ವಲ್ಪ ಜಾಸ್ತಿಯೇ ಜೋರಾಗಿ. ಕೈ ಎತ್ತಿಸಿದರು. ಅರ್ಧಕ್ಕಿಂತ ಎರಡೋ ಮೂರೋ ಹೆಚ್ಚು. ಪಾಸಾಯಿತು.

ಆಮೇಲೆ ಟೀ. ಆರು ಕಳೆಯಲೆಂದು ಎಲ್ಲರೂ ಕಾಯುತ್ತಾ ಚಕ್ಕುಲಿ ಕಡಿಯುತ್ತಿದ್ದಾಗ ವಿಶಾಲು ಆಂಟಿ ತಟ್ಟೆ ಹಿಡಿದುಕೊಂಡೇ, ರಾಹುಕಾಲ ಎಂದರೆ ಭಾನುವಾರ ಹಗಲಿನ ಕೊನೆಯ ಭಾಗ, ಇಲ್ಲಿ ಈಗ ಸೂರ್ಯ ಮುಳುಗುವುದೇ ಎಂಟಕ್ಕೆ, ಹಾಗಾದರೆ ಅದು ಶುರುವಾಗುವುದೇ ಆರರ ಮೇಲಲ್ಲವೇ ಎಂದರು. ಯಾರೋ ಹೌದಾ ಆಂಟಿ ಎಂದರು, ಇನ್ಯಾರೋ ಸಕ್ಕರೆ ಕೇಳಿದರು. ಆಂಟಿ ಸಕ್ಕರೆ ತರಲು ಹೋದರು. ಆರೂವರೆಗೆ ಮುಕ್ಕಾಲು ಪಾಲಿನ ನಿಯಮ ಎಲ್ಲರ ಚಪ್ಪಾಳೆಯೊಂದಿಗೆ ಪಾಸಾಯಿತು. ಅಂಕಲ್ ಹುಡುಗನ ಹಾಗೆ ಹಿಗ್ಗಿದ್ದರು.

ಮನೆಗೆ ಹೋಗುವಾಗ ನನ್ನ ಗಂಡ ಜೋಸೆಫ್ ಕಾರು ಓಡಿಸುತ್ತಿದ್ದ. ಅವನದು ಕಡಿಮೆ ಮಾತು. ಅರ್ಧ ದಾರಿಯಲ್ಲಿ, "ಇನ್ಮೇಲೆ ಆ ಸಾವಿನ ರೂಲ್ ತೆಗೀಬೇಕಂದ್ರೂ ಮುಕ್ಕಾಲು ಬೇಕಲ್ವಾ?" ಎಂದ.

ಅರ್ಧ ಜನರಿಂದ ಒಳಗೆ ಬಂದದ್ದು, ಮುಕ್ಕಾಲು ಜನರಿಲ್ಲದೆ ಇನ್ನು ಹೊರಗೆ ಹೋಗದು. ಕಳ್ಳನನ್ನು ಒಳಗೆ ಬಿಟ್ಟುಕೊಂಡು ಬಾಗಿಲಿಗೆ ಬೀಗ ಜಡಿದಿದ್ದೆವು. ಅಷ್ಟು ಜನ ಡಾಕ್ಟರುಗಳು, ಇಂಜಿನಿಯರುಗಳು, ಲೆಕ್ಕ ಗೊತ್ತಿರುವವರು ಕೂತಿದ್ದ ಸಭೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಮುಂದಿನ ಸರ್ವೋದಲ್ಲಿ ಕಾರು ನಿಲ್ಲಿಸಲು ಹೇಳಿ, ಪೆಟ್ರೋಲ್ ಪಂಪಿನ ಪಕ್ಕದಲ್ಲೇ ನಿಂತು ಅಂಕಲ್‌ಗೆ ಫೋನ್ ಮಾಡಿದೆ. ಅಯ್ಯೋ ಹೌದಲ್ವಾ ಎಂದರು ಅವರು. ಮತ್ತೆ ತಮ್ಮ ಮಾಮೂಲಿ ಧಾಟಿಗೆ ಬಂದು, ಇರಲಿ ಬಿಡಮ್ಮ, ನಮ್ಮಲ್ಲಿ ಸದ್ಯಕ್ಕೆ ಯಾರೂ ಅಷ್ಟೊಂದು ಅರ್ಜೆಂಟಿನಲ್ಲಿಲ್ಲ ಎಂದು ನಕ್ಕರು. ನಾನು ನಗಲಿಲ್ಲ.

ಏಪ್ರಿಲ್ ಮುಗಿಯುವಷ್ಟರಲ್ಲಿ ಬಿಸಿಲಿನ ಖಾರ ಇಳಿದಿತ್ತು. ಬೇಸಿಗೆ ಮುಗಿಯಿತೆಂದು ಅಲ್ಲಿನ ಪದ್ಧತಿಯಂತೆ ಗಡಿಯಾರಗಳು ಒಂದು ಗಂಟೆ ಹಿಂದೆ ಸರಿದು ಸಂಜೆ ಬೇಗ ಕತ್ತಲಾಗತೊಡಗಿತ್ತು. ಒಂದು ಶನಿವಾರ ಬೆಳಿಗ್ಗೆ ಮಗಳನ್ನು ನಾಟಕದ ತಾಲೀಮಿಗೆ ಬಿಡಲು ಹೋದಾಗ ಅಂಕಲ್ ಹಾಲ್‌ನ ಮೆಟ್ಟಿಲ ಮೇಲೆ ಕೂತಿದ್ದರು. ಅವರು ಕೂತದ್ದನ್ನು ನಾನು ನೋಡಿದ್ದೇ ಕಡಿಮೆ. ಬೆನ್ನು ನೋವು, ವಯಸ್ಸಾಯಿತು ನೋಡು ಎಂದು ಮುಖ ಎತ್ತಿದರು. ಬೆಳಗಿನ ಬಿಸಿಲು ನೇರ ಅವರ ಕಣ್ಣಿಗೆ ಬಿದ್ದಿತ್ತು. ಕಣ್ಣಿನ ಬಿಳಿಭಾಗ ಹಳದಿಯಾಗಿತ್ತು.

ನಾನು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ದುಡಿದವಳು. ಬೆನ್ನು ನೋವು, ಹಳದಿ ಕಣ್ಣು, ಸಡಿಲವಾದ ಷರಟಿನ ಕಾಲರು, ಈ ಮೂರನ್ನು ಒಟ್ಟಿಗೆ ನೋಡಿದರೆ ಮನಸ್ಸು ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತು. ಅಲ್ಲಿಗೆ ಹೋಗಬೇಡ ಎಂದು ಮನಸ್ಸಿಗೆ ಹೇಳಿಕೊಂಡೆ. ಅಂದೇ ಆಸ್ಪತ್ರೆಗೆ ಕರೆದೊಯ್ದೆ. ವಾರದೊಳಗೆ ಸ್ಕ್ಯಾನ್ ಹೇಳಬೇಕಾದದ್ದನ್ನು ಹೇಳಿತು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಪಿತ್ತನಾಳವನ್ನು ಒತ್ತಿ ಯಕೃತ್ತಿಗೂ ಹಬ್ಬಿದೆ. ಎಷ್ಟೋ ಮನೆಯವರಿಗೆ ಇಂಥ ಸುದ್ದಿ ಹೇಳಿ ಅಭ್ಯಾಸವಿದ್ದ ನಾನು ಅಂದು ಆಸ್ಪತ್ರೆಯ ಟಾಯ್ಲೆಟ್ಟಿನಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ಫೆಬ್ರುವರಿಯಲ್ಲಿ ಚಪ್ಪಾಳೆಯ ನಡುವೆ ಹಿಗ್ಗುತ್ತಾ ನಿಂತಿದ್ದ ಮನುಷ್ಯನ ಹೊಟ್ಟೆಯೊಳಗೆ ಅದು ಅಂದೇ ಇತ್ತಲ್ಲ ಎನ್ನುವುದನ್ನು ನನಗೆ ಇಂದಿಗೂ ಅರಗಿಸಿಕೊಳ್ಳಲು ಆಗಿಲ್ಲ.

ಅಂಕಲ್ ತಾವೇ ಎಲ್ಲರಿಗೂ ಹೇಳಿದರು, ಮುಚ್ಚಿಡಲಿಲ್ಲ. ಮೇ ತಿಂಗಳ ಒಂದು ದಿನ ನನ್ನನ್ನು ಹಾಲ್‌ಗೆ ಬರಹೇಳಿದರು. ಹೋದರೆ ಒಬ್ಬರೇ ಕುರ್ಚಿ ಹಾಕಿಕೊಂಡು ನೆಲ ನೋಡುತ್ತಾ ಕೂತಿದ್ದರು. ಒಂದು ಹಲಗೆ ತೋರಿಸಿ, ಅದನ್ನು ಕೂರಿಸಲು ಎರಡು ಶನಿವಾರ ಹಿಡಿಯಿತು ಎಂದರು. ಆಮೇಲೆ ಮೆಲ್ಲಗೆ, "ರೀಟಾ, ನನ್ನನ್ನ ಇಲ್ಲಿಂದಲೇ ಕಳಿಸ್ಬೇಕು. ಪೆಟ್ಟಿಗೇನ ಇಲ್ಲೇ ಇಡಿ. ಎಲ್ರೂ ಬರ್ಲಿ. ಆಮೇಲೆ ಎಲ್ಲಿಗಾದ್ರೂ ತಗೊಂಡ್ಹೋಗಿ," ಎಂದರು.

ಇಬ್ಬರಿಗೂ ಒಂದೇ ವಿಷಯ ನೆನಪಾಗಿತ್ತು. ಯಾರು ಕೇಳುತ್ತಾರೆ ಅಂಕಲ್, ಸುಮ್ಮನೆ ಮಾಡಿಬಿಡೋಣ, ಯಾವ ಕೋರ್ಟೂ ಬರುವುದಿಲ್ಲ ಎಂದೆ. ಅವರು ತಲೆಯಾಡಿಸಿದರು. ಸಂವಿಧಾನ ಬರೆದವನೇ ಮೊದಲು ಮುರಿದ ಎಂದಾಗಬಾರದು, ಮುಕ್ಕಾಲು ಪಾಲು ಜನ ಒಪ್ಪಿದರೆ ಮಾತ್ರ, ಇಲ್ಲದಿದ್ದರೆ ಬೇಡ ಎಂದರು. ಆ ಹಟಕ್ಕೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಕಾಯಿಲೆಯ ಮನುಷ್ಯ ಎಂಬುದನ್ನೂ ಮರೆತು ಬೈದುಬಿಟ್ಟೆ. ಅವರು ಬೈಸಿಕೊಂಡು ಮತ್ತೆ ಆ ಹಲಗೆಯನ್ನೇ ನೋಡತೊಡಗಿದರು.

ಆಗ ಎಲ್ಲರಿಗಿಂತ ಮೊದಲು ಓಡಿಬಂದವನು ಪ್ರಕಾಶ್. ಅವನ ಸ್ಥಿತಿ ನೋಡಲಾಗುತ್ತಿರಲಿಲ್ಲ. ರಾಹುಕಾಲದ ಮಾತು ತಾನು ಎತ್ತದಿದ್ದರೆ ಇದೆಲ್ಲ ಬರುತ್ತಿರಲಿಲ್ಲ ಎಂದು ಊಟ ಬಿಟ್ಟಿದ್ದನಂತೆ. ಸಾವಿನ ನಿಯಮವನ್ನು ತೆಗೆದುಹಾಕುವ ತಿದ್ದುಪಡಿಯನ್ನು ಅವನೇ ಬರೆದ. ಜೂನ್ ಪೂರ್ತಿ, ಆಫೀಸು ಮುಗಿಸಿ, ಚಳಿಮಳೆಯಲ್ಲಿ ಮನೆಮನೆಗೆ ಹೋಗಿ ಕೂತು ಮಾತಾಡಿದ. ನಾನೂ ಕೆಲವು ಕಡೆ ಅವನ ಜೊತೆ ಹೋದೆ. ಜಗಳವಾಡಿದವಳಿಗೆ ಅವನ ಮೇಲೆ ಪ್ರೀತಿಯೇ ಹುಟ್ಟಿಬಿಟ್ಟಿತು. ಅನಿರುದ್ಧ ವಾರ ಬಿಟ್ಟು ವಾರ ಬ್ರಿಸ್ಬೇನಿನಿಂದ ಬರುತ್ತಿದ್ದ. ಅವನೂ ಫೋನ್ ಮಾಡಿ ಮಾಡಿ ಕೇಳಿಕೊಂಡ.

ಜನರ ಉತ್ತರಗಳು ನನ್ನನ್ನು ಬೆಚ್ಚಿಬೀಳಿಸಿದವು. ಅಂಕಲ್ ಕೈಯಲ್ಲಿ ತಮ್ಮ ಮಕ್ಕಳಿಗೆ ಅಆಇಈ ಕಲಿಸಿಕೊಂಡವರು, ಅವರ ಬಗ್ಗೆ ಗೌರವ ಇದೆ, ಆದರೆ ಮಗಳ ಮದುವೆ ಅಲ್ಲೇ ಇದೆಯಲ್ಲ ಎಂದರು. ಒಬ್ಬರು ಅಂಕಲ್‌ಗೆ ಏನೂ ಆಗುವುದಿಲ್ಲ, ಈ ಮಾತು ಈಗ ಯಾಕೆ ಎಂದರು. ಇನ್ನೊಬ್ಬರು ಕಣ್ಣಲ್ಲಿ ನೀರು ತಂದುಕೊಂಡೇ, ತಮ್ಮ ಅತ್ತೆ ಒಪ್ಪುವುದಿಲ್ಲ ಎಂದರು. ಯಾರೂ ಒರಟಾಗಿ ಮಾತಾಡಲಿಲ್ಲ. ಕಾಫಿ ಕೊಟ್ಟು, ಬಾಗಿಲವರೆಗೂ ಬಂದು ಬೀಳ್ಕೊಟ್ಟರು. ಕೊನೆಗೆ ಪ್ರಕಾಶ್ ಲೆಕ್ಕ ಹಾಕಿದ. ನಲವತ್ತು ಮನೆಯವರು ಸಭೆಗೆ ಬರುತ್ತಾರೆ. ಹತ್ತು ಮನೆಯವರು ಕೈ ಎತ್ತುವುದಿಲ್ಲ. ಉಳಿದದ್ದು ಮೂವತ್ತು, ಬೇಕಾದದ್ದೂ ಮೂವತ್ತು. ಹಳೆಯ ನಿಯಮವಿದ್ದಿದ್ದರೆ ಇಪ್ಪತ್ತೊಂದು ಸಾಕಿತ್ತು, ನಾವು ನಿದ್ದೆ ಕೆಡಿಸಿಕೊಳ್ಳಬೇಕಿರಲಿಲ್ಲ.

ಜುಲೈ ಹೊತ್ತಿಗೆ ಅಂಕಲ್‌ರನ್ನು ಕೊನೆಗಾಲದ ಆರೈಕೆಯ ಆಸ್ಪತ್ರೆಗೆ ಸೇರಿಸಿದ್ದರು. ಸಭೆಯ ದಿನ ಅವರ ಮನೆಯ ಮತ ಹಾಕಲು ವಿಶಾಲು ಆಂಟಿ ಬರಬೇಕಿತ್ತು. ನಾನೇ ಹೋಗಿ ಕರೆತಂದೆ. ಮಳೆ ಸಣ್ಣಗೆ ಹಿಡಿದೇ ಇತ್ತು. ದಾರಿಯುದ್ದಕ್ಕೂ ಆಂಟಿ ಕಿಟಕಿಯಾಚೆ ನೋಡುತ್ತಿದ್ದರು. ನಾನು ಧೈರ್ಯ ಹೇಳುತ್ತಿದ್ದೆ, ಎಲ್ಲ ಲೆಕ್ಕ ಸರಿಯಾಗಿದೆ, ಅಂಕಲ್ ಆಸೆ ನೆರವೇರುತ್ತದೆ ಎಂದು. ಅವರು ಹೂಂ ಎಂದೂ ಅನ್ನಲಿಲ್ಲ. ಗಂಡ ಸಾಯುತ್ತಿರುವ ಹೆಂಗಸು ಹೂಂ ಅನ್ನಬೇಕೆಂದು ನಿರೀಕ್ಷಿಸುವುದು ಹೇಗೆ ಎಂದು ನಾನೂ ಸುಮ್ಮನಾದೆ.

ಹಾಲ್‌ನಲ್ಲಿ ಹೀಟರ್ ಹಾಕಿದ್ದರೂ ಚಳಿ. ಆಂಟಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ನಾನು ಎರಡು ಸಾಲು ಹಿಂದೆ ಕೂತೆ. ಪ್ರಕಾಶ್ ತಿದ್ದುಪಡಿ ಓದಿ ಮುಗಿಸಿದ. ಪರವಾಗಿರುವವರು ಕೈ ಎತ್ತಿ ಎಂದ. ಕೈಗಳು ಎದ್ದವು. ಎತ್ತುತ್ತಾರೋ ಇಲ್ಲವೋ ಎಂದು ನಾವು ಹೆದರಿದ್ದವರದ್ದೂ. ಮಗುವಿನ ನಾಮಕರಣ ಮಾಡಿದ್ದ ತಂದೆಯ ಕೈ ಸಹ ಎದ್ದಿತ್ತು.

ಪ್ರಕಾಶ್ ಎಣಿಸಿದ. ಮತ್ತೊಮ್ಮೆ ಎಣಿಸಿದ. ಇಪ್ಪತ್ತೊಂಬತ್ತು.

ಹೇಳಿ ಕೈಕೊಟ್ಟವರು ಯಾರು ಎಂದು ನಾನು ಸಿಟ್ಟಿನಲ್ಲಿ ಸುತ್ತ ಕಣ್ಣಾಡಿಸಿದೆ. ಹತ್ತು ಮನೆಯವರನ್ನು ಗುರುತು ಹಿಡಿದೆ. ಹನ್ನೊಂದನೆಯವರು ಸಿಗಲಿಲ್ಲ. ಹಿಂದಿನಿಂದ ನೋಡುತ್ತಿದ್ದ ನನಗೆ ಮುಂದಿನ ಸಾಲು ಕಂಡಿರಲಿಲ್ಲ. ಪ್ರಕಾಶನ ಕಣ್ಣು ಅಲ್ಲೇ ನಿಂತಿತ್ತು. ನಾನು ಅರ್ಧ ಎದ್ದು ಇಣುಕಿದೆ. ವಿಶಾಲು ಆಂಟಿಯ ಎರಡೂ ಕೈಗಳು ಮಡಿಲಲ್ಲಿದ್ದವು.

ಪಾಪ, ಎಲ್ಲೋ ಯೋಚನೆಯಲ್ಲಿದ್ದಾರೆ, ಗಮನಿಸಿಲ್ಲ ಎಂದುಕೊಂಡೆ. ಎಲ್ಲರೂ ಹಾಗೆಯೇ ಅಂದುಕೊಂಡಿರಬೇಕು. ಪ್ರಕಾಶ್ ಹತ್ತಿರ ಬಗ್ಗಿ, "ಆಂಟಿ, ನಿಮ್ಮ ಕೈ," ಎಂದ.

"ನೀನು ಎಣಿಸಿದ್ದು ಸರಿಯಾಗಿದೆ ಪ್ರಕಾಶ್. ಇನ್ನೊಂದ್ಸಲ ಎಣಿಸ್ಬೇಡ," ಎಂದರು ಆಂಟಿ.

ಎತ್ತಿದ್ದ ಕೈಗಳು ಇನ್ನೂ ಗಾಳಿಯಲ್ಲಿದ್ದವು. ಯಾರಿಗೂ ಇಳಿಸಬೇಕೆಂದು ಹೊಳೆಯಲಿಲ್ಲ. ಆಂಟಿ ಎದ್ದು ನಮ್ಮ ಕಡೆ ತಿರುಗಿದರು. ಅವರು ಆ ಹಾಲ್‌ನಲ್ಲಿ ನಿಂತು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಈ ಹಾಲ್ ತಗೊಳೋವಾಗ ಅವರು ನಿಮ್ಮನ್ನೆಲ್ಲ ಕೇಳಿದ್ರು. ಮುಕ್ಕಾಲು ಓಟು ಮಾಡೋವಾಗ ಕೇಳಿದ್ರು. ಇಲ್ಲಿಂದ ಕಳಿಸಿ ಅಂತಾನೂ ನಿಮಗೇ ಹೇಳಿದ್ರು. ನಂಗೆ ಅದು ಪ್ರಕಾಶ್ ನಮ್ಮನೆಗೆ ಬಂದಾಗ ಗೊತ್ತಾಗಿದ್ದು. ಅವರು ಇರೋವಷ್ಟು ದಿನ ನಿಮಗೆ ಬಿಟ್ಟುಕೊಟ್ಟಿದ್ದೀನಿ. ಹೋದ್ಮೇಲೆ ನಂಗೆ ಬೇಕು. ನಮ್ಮನೆಯಿಂದ ಕಳಿಸ್ತೀನಿ."

ದನಿ ಏರಲಿಲ್ಲ, ಕಣ್ಣೀರೂ ಬರಲಿಲ್ಲ. ತಿಂಗಳಿಡೀ ಮಳೆಯಲ್ಲಿ ಅಲೆದು ನಲವತ್ತು ಮನೆಗಳ ಬಾಗಿಲು ತಟ್ಟಿದ್ದೆವು. ಅವರ ಮನೆಗೂ ಹೋಗಿದ್ದೆವು, ಕಾಫಿ ಕುಡಿದಿದ್ದೆವು, ಲೆಕ್ಕ ಒಪ್ಪಿಸಿದ್ದೆವು. ನಿಮಗೆ ಒಪ್ಪಿಗೆಯೇ ಎಂದು ಕೇಳಬೇಕಾದ ಮನೆಗಳಲ್ಲಿ ಅದೂ ಒಂದು ಎಂದು ನಮ್ಮಲ್ಲಿ ಒಬ್ಬರಿಗೂ ಅನ್ನಿಸಿರಲಿಲ್ಲ. ಇಪ್ಪತ್ತೊಂದು ಕೈ ಸಾಕಾಗಿದ್ದ ಕಾಲದಲ್ಲಿ ಅವರ ಕೈ ಮೇಲಿದ್ದರೂ ಒಂದೇ, ಮಡಿಲಲ್ಲಿದ್ದರೂ ಒಂದೇ. ಅದಕ್ಕೆ ಇಷ್ಟು ತೂಕ ತಂದುಕೊಟ್ಟವರು ಅಂಕಲ್ಲೇ. ಪ್ರಕಾಶ್, ತಿದ್ದುಪಡಿ ಬಿದ್ದಿದೆ ಎಂದು ಹೇಳಿ ಕೂತ.

ಆಂಟಿಯನ್ನು ನಾನೇ ಆಸ್ಪತ್ರೆಗೆ ವಾಪಸು ಕರೆದೊಯ್ದೆ. ಸಿಟ್ಟು ಬಂದಿತ್ತೆಂದು ಸುಳ್ಳು ಹೇಳಲಾರೆ, ಬಂದಿರಲಿಲ್ಲವೆಂದೂ ಹೇಳಲಾರೆ. ಸಾಯುವವನ ಒಂದು ಆಸೆ ಎನ್ನುವುದೊಂದು ಕಡೆ ಎಳೆಯುತ್ತಿತ್ತು, ಪಕ್ಕದ ಸೀಟಿನಲ್ಲಿ ಕೂತ ಹೆಂಗಸು ಇನ್ನೊಂದು ಕಡೆ. ಈಗ ಇದನ್ನು ಅವರಿಗೆ ಹೇಳುವವರು ಯಾರು ಎಂಬ ಭಯ ಬೇರೆ.

ಅಂಕಲ್ ದಿಂಬಿಗೊರಗಿ ಎಚ್ಚರವಾಗಿಯೇ ಇದ್ದರು. ಕಾಯುತ್ತಿದ್ದರು. ನನ್ನ ಮುಖ ನೋಡಿ, "ಪಾಸಾಯ್ತಾ?" ಎಂದರು. ನಾನು ನೆಲ ನೋಡಿದೆ. ಆಂಟಿ ಒದ್ದೆಯಾದ ಸ್ವೆಟರ್ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ಹತ್ತಿರ ಎಳೆದುಕೊಂಡು ಕೂತರು.

"ಇಲ್ಲ. ಒಂದು ಕೈ ಕಮ್ಮಿ ಆಯ್ತು."

"ಯಾರದು?"

"ನಂದು."

ಅಂಕಲ್ ಅವರನ್ನೇ ನೋಡಿದರು. ಹಳದಿ ತಿರುಗಿದ ಆ ಕಣ್ಣುಗಳಲ್ಲಿ ನಾನು ನೋವನ್ನು ಹುಡುಕಿದೆ, ಕೋಪವನ್ನು ಹುಡುಕಿದೆ. ಅಲ್ಲಿದ್ದದ್ದು ಬರೀ ಆಶ್ಚರ್ಯ. ಕೊನೆಗೆ ಅವರ ಇಂಜಿನಿಯರ್ ಬುದ್ಧಿ ಒಂದು ಅಡ್ಡಿಯನ್ನು ಹುಡುಕಿ ತೆಗೆಯಿತು.

"ಮನೇಲಿ ಅಷ್ಟು ಜನಕ್ಕೆ ಜಾಗ ಎಲ್ಲಿದೆ ವಿಶಾಲು?"

"ಅಷ್ಟು ಜನ ಯಾಕೆ?" ಎಂದರು ಆಂಟಿ.

ನಾನು ಇನ್ನೂ ಕಾರಿನ ಕೀ ಹಿಡಿದುಕೊಂಡು ಮಂಚದ ಕಾಲ ಬಳಿ ನಿಂತಿದ್ದೆ. ಬಾಗಿಲು ಎಳೆದುಕೊಂಡು ಹೊರಗೆ ಬಂದೆ.